ಸ್ಟೋರೇಜ್ ಪೂಲ್‌ನ ಲೆಕ್ಕ ಬರೆಯುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಬ್ಯಾಂಕಿನ ಸರ್ವರ್ ನಿಂತಿತು, ಆಸ್ಪತ್ರೆಯ ದಾಖಲೆ ತೆರೆಯುತ್ತಿಲ್ಲ, ಟಿಕೆಟ್ ಕಾಯ್ದಿರಿಸುವ ಜಾಲತಾಣ ಕೈಕೊಟ್ಟಿತು ಎಂಬ ಸುದ್ದಿಗಳಲ್ಲಿ ಕಾರಣದ ಜಾಗದಲ್ಲಿ ಇರುವುದು ಎರಡೇ ಪದ: ‘ತಾಂತ್ರಿಕ ದೋಷ’. ಕೆಲವು ಸಲ ಅಲ್ಲಿ ಯಾವ ಯಂತ್ರವೂ ಕೆಟ್ಟಿರುವುದಿಲ್ಲ. ಡಿಸ್ಕ್‌ನಲ್ಲಿ ಜಾಗ ಮುಗಿದಿರುತ್ತದೆ, ಅಷ್ಟೇ. 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೋಟಾ ಕಂಪನಿಯ 14 ಕಾರ್ಖಾನೆಗಳ 28 ಉತ್ಪಾದನಾ ಸಾಲುಗಳು ನಿಂತುಹೋದವು. ಬಿಡಿಭಾಗಗಳಿಗೆ ಬೇಡಿಕೆ ಕಳಿಸುವ ಸರ್ವರ್‌ಗಳು ಕೆಲಸ ಬಿಟ್ಟಿದ್ದವು. ಆಗಸ್ಟ್ 27ರ ನಿಯತ ನಿರ್ವಹಣೆಯ ವೇಳೆ ಡೇಟಾಬೇಸ್‌ನಲ್ಲಿ ಕೂಡಿದ್ದ ಮಾಹಿತಿಯನ್ನು ಅಳಿಸಿ ಒಪ್ಪ ಮಾಡುತ್ತಿದ್ದಾಗ ಡಿಸ್ಕ್ ಜಾಗ ಸಾಲದೆ ದೋಷ ಉಂಟಾಯಿತು. ಬದಲಿ ಸರ್ವರ್‌ಗಳೂ ಅದೇ ವ್ಯವಸ್ಥೆಯ ಮೇಲೆ ಇದ್ದುದರಿಂದ ಅಲ್ಲೂ ಅದೇ ದೋಷ ಕಾಣಿಸಿ, ಕೆಲಸವನ್ನು ಅವಕ್ಕೆ ಹೊರಳಿಸಲಾಗಲಿಲ್ಲ. ಇದು ಕಂಪನಿಯೇ ಕೊಟ್ಟ ವಿವರಣೆ. ಕೊನೆಗೆ ಹೆಚ್ಚು ಜಾಗವಿರುವ ಸರ್ವರ್‌ಗೆ ಮಾಹಿತಿಯನ್ನು ಸಾಗಿಸಿದ ಮೇಲೆ ಕೆಲಸ ಮತ್ತೆ ಶುರುವಾಯಿತು.

ಅಳಿಸುತ್ತಿದ್ದಾಗ ಜಾಗ ಸಾಲದೆ ಹೋಯಿತೇ ಎಂದು ಓದುಗರು ಹುಬ್ಬೇರಿಸಬಹುದು. ಆ ಘಟನೆಯ ಒಳಗಿನ ವಿವರ ಕಂಪನಿ ಹೇಳಿದಷ್ಟೇ. ಆದರೆ ಅಳಿಸುವುದಕ್ಕೂ ಜಾಗ ಬೇಕೆಂಬುದು ಬಹುತೇಕ ಎಲ್ಲ ಡೇಟಾಬೇಸ್‌ಗಳಿಗೂ ಅನ್ವಯಿಸುವ ಮಾತು. ಒಂದು ಸಾಲನ್ನು ಅಳಿಸುವ ಮೊದಲು, ಕೆಲಸ ಅರ್ಧಕ್ಕೆ ನಿಂತರೆ ಹಿಂದಿರುಗಿಸಲು ಬೇಕಾದ ಮಾಹಿತಿಯನ್ನು ಡೇಟಾಬೇಸ್ ತನ್ನ ಲಾಗ್ ಎಂಬ ದಿನಚರಿಯಲ್ಲೋ ಅನ್‌ಡೂ ಜಾಗದಲ್ಲೋ ಬರೆದಿಡುತ್ತದೆ. ಕೋಟಿ ಸಾಲುಗಳನ್ನು ಒಂದೇ ವ್ಯವಹಾರದಲ್ಲಿ ಅಳಿಸ ಹೊರಟರೆ ಕೆಲಸ ಮುಗಿಯುವವರೆಗೂ ಆ ಲಾಗ್ ಬೆಳೆಯುತ್ತಲೇ ಇರುತ್ತದೆ. ಹತ್ತು ಸಾವಿರ ಸಾಲಿಗೊಮ್ಮೆ ಕಮಿಟ್ ಮಾಡುತ್ತ (ಬದಲಾವಣೆಯನ್ನು ಖಾಯಂಗೊಳಿಸುತ್ತ) ಹೋಗುವುದು, ನಡುನಡುವೆ ಲಾಗ್ ಬ್ಯಾಕಪ್ ತೆಗೆದು ಖಾಲಿ ಮಾಡುವುದು, ಸಾಧ್ಯವಿದ್ದಲ್ಲಿ ಮಾಹಿತಿಯನ್ನು ತಿಂಗಳವಾರು ಭಾಗ (ಪಾರ್ಟಿಷನ್) ಮಾಡಿಟ್ಟು ಹಳೆಯ ಪಾರ್ಟಿಷನ್ನನ್ನೇ ಕೈಬಿಡುವುದು ಇದಕ್ಕಿರುವ ದಾರಿಗಳು. ‘ಜಾಗ ಮುಗಿದಾಗ ಅಳಿಸಿದರಾಯಿತು’ ಎಂದು ಕೂರುವವರು ಅಳಿಸಲು ಹೋದಾಗಲೇ ಸಿಕ್ಕಿಬೀಳುತ್ತಾರೆ.

ನಾವು ಹೇಳಹೊರಟಿರುವುದು ಇದರ ಒಂದು ಹಂತ ಕೆಳಗಿನ ಮಾತು. ದೊಡ್ಡ ಸಂಸ್ಥೆಗಳಲ್ಲಿ ಡಿಸ್ಕ್‌ಗಳು ಸಾಮಾನ್ಯವಾಗಿ ಸರ್ವರ್‌ಗಳ ಒಳಗೆ ಇರುವುದಿಲ್ಲ. ಹತ್ತಾರು, ನೂರಾರು ಡಿಸ್ಕ್‌ಗಳನ್ನು ಸ್ಟೋರೇಜ್ ಅರೇ ಎಂಬ ಒಂದು ಪೆಟ್ಟಿಗೆಯಲ್ಲಿ ಕೂಡಿಸಿ, ಒಂದು ಪೂಲ್ ಮಾಡಿ, ಅದರಿಂದ ಒಂದೊಂದು ಸರ್ವರ್‌ಗೂ ಇಷ್ಟಿಷ್ಟೆಂದು ತುಂಡು ಹಂಚುತ್ತಾರೆ. ಈ ತುಂಡಿಗೆ ಲನ್ ಎನ್ನುತ್ತಾರೆ. ಕೆಲವರು ವಾಲ್ಯೂಮ್ ಎನ್ನುತ್ತಾರೆ. ಲೆಕ್ಕ ತಪ್ಪುವುದು ಈ ಹಂಚಿಕೆಯಲ್ಲಿ. ಪ್ರತಿ ಪೂಲ್‌ಗೂ ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಬರೆದಿಡಬೇಕು: ಹಂಚಿದ್ದೆಷ್ಟು, ನಿಜಕ್ಕೂ ಬರೆದು ತುಂಬಿದ್ದೆಷ್ಟು, ಡಿಸ್ಕ್‌ಗಳಲ್ಲಿ ಉಳಿದಿದ್ದೆಷ್ಟು. ಸರ್ವರ್ ನೋಡಿಕೊಳ್ಳುವವರಿಗೆ ಮೊದಲನೆಯದು ಮಾತ್ರ ಕಾಣುತ್ತದೆ, ಅರೇ ನೋಡಿಕೊಳ್ಳುವವರಿಗೆ ಮೂರೂ ಕಾಣುತ್ತವೆ, ಹಣ ಮಂಜೂರು ಮಾಡುವವರಿಗೆ ಒಂದೂ ಕಾಣುವುದಿಲ್ಲ. ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಅದರ ಕೆಳಗೆ ಸಹಿ ಹಾಕುವ ಒಬ್ಬರು ಬಹಳ ಕಡೆ ಇಲ್ಲ. ನಮ್ಮ ತಕರಾರು ಅದೇ.

ಮೊದಲ ಎಡವಟ್ಟು ಡಿಸ್ಕ್ ಕೊಳ್ಳುವಾಗಲೇ ಆಗುತ್ತದೆ. ಡಿಸ್ಕ್ ತಯಾರಕರು ಟೆರಾಬೈಟ್ ಎಂದರೆ ಹತ್ತರ ಹನ್ನೆರಡನೆಯ ಘಾತ ಎಂದು ಎಣಿಸುತ್ತಾರೆ. ಅನೇಕ ಅರೇಗಳೂ ಆಪರೇಟಿಂಗ್ ಸಿಸ್ಟಮ್‌ಗಳೂ ಎಣಿಸುವುದು ಎರಡರ ನಲವತ್ತನೆಯ ಘಾತದಲ್ಲಿ, ಅಂದರೆ ಟೆಬಿಬೈಟ್‌ನಲ್ಲಿ. ಕೆಲವು ಟೆಬಿಬೈಟ್ ಎಣಿಸಿ ಟೆರಾಬೈಟ್ ಎಂದೇ ತೋರಿಸುತ್ತವೆ. ಎರಡರ ನಡುವೆ ಶೇ 9ರಷ್ಟು ಅಂತರವಿದೆ. 16 ಟೆರಾಬೈಟ್‌ನ 24 ಡಿಸ್ಕ್ ತಂದರೆ ಬಿಲ್ಲಿನಲ್ಲಿ 384 ಟೆರಾಬೈಟ್ ಎಂದಿರುತ್ತದೆ. ಒಂದು ಡಿಸ್ಕ್ ನಿಜಕ್ಕೆ 14.55 ಟೆಬಿಬೈಟ್. ಕೆಟ್ಟ ಡಿಸ್ಕ್‌ಗೆ ಬದಲಿಯಾಗಲೆಂದು ಎರಡನ್ನು ಸ್ಪೇರ್ ಆಗಿ ಬದಿಗಿಟ್ಟರೆ ಉಳಿದದ್ದು 22. ಅವನ್ನು 11ರ ಎರಡು ರೇಡ್ 6 ಗುಂಪು (ಎರಡು ಡಿಸ್ಕ್ ಸತ್ತರೂ ಮಾಹಿತಿ ಉಳಿಯುವ ಜೋಡಣೆ) ಮಾಡಿದರೆ ಪ್ರತಿ ಗುಂಪಿನಲ್ಲಿ ಎರಡು ಡಿಸ್ಕ್‌ನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕಳೆದ ಮಾಹಿತಿಯನ್ನು ಮರಳಿ ಕಟ್ಟುವ ಲೆಕ್ಕಕ್ಕೆ, ಹೋಗಿ, ಮಾಹಿತಿಗೆ ಸಿಗುವುದು 18 ಡಿಸ್ಕ್: 262 ಟೆಬಿಬೈಟ್. ಅರೇಯ ಫೈಲ್ ಸಿಸ್ಟಮ್ (ಏನು ಎಲ್ಲಿದೆ ಎಂದು ಲೆಕ್ಕ ಇಡುವ ವ್ಯವಸ್ಥೆ) ತನ್ನ ಓಡಾಟಕ್ಕೆಂದು ಶೇ 10 ಇಟ್ಟುಕೊಂಡರೆ ಸುಮಾರು 235. ಅದರಲ್ಲಿ ಶೇ 85ರ ಗೆರೆ ದಾಟಬಾರದೆಂದು ನಿಯಮ ಮಾಡಿಕೊಂಡರೆ ಕೈಗೆ ಬರುವುದು 200. ಬಿಲ್ಲಿನ 384ಕ್ಕೂ ಈ 200ಕ್ಕೂ ನಡುವಿನ ದಾರಿಯನ್ನು ಹೀಗೆ ಹಂತಹಂತವಾಗಿ ಬರೆದು ಹಣಕಾಸಿನವರ ಮುಂದಿಡದಿದ್ದರೆ, ‘ಮೊನ್ನೆ ತಾನೇ 384 ತಂದಿದ್ದೀರಲ್ಲ’ ಎಂಬ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ಮುಂದಿನ ಖರೀದಿ ಆರು ತಿಂಗಳು ತಡವಾಗುತ್ತದೆ.

ಸ್ಪೇರ್ ಮತ್ತು ಪ್ಯಾರಿಟಿಯನ್ನು ಕಡಿತಗೊಳಿಸಿ ಜಾಗ ಉಳಿಸೋಣ ಎಂಬ ಸಲಹೆ ಆಗಾಗ ಬರುತ್ತದೆ. 16 ಟೆರಾಬೈಟ್‌ನ ಒಂದು ಡಿಸ್ಕ್ ಸತ್ತರೆ, ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಎಡೆಬಿಡದೆ ಬರೆದರೂ ಹೊಸ ಡಿಸ್ಕ್ ತುಂಬಲು 22 ಗಂಟೆ ಬೇಕು. ಸರ್ವರ್‌ಗಳು ಕೆಲಸ ಮಾಡುತ್ತಲೇ ಇರುವುದರಿಂದ ಆ ವೇಗ ಸಿಗುವುದಿಲ್ಲ, ದಿನಗಳೇ ಹಿಡಿಯುತ್ತವೆ. ಅಷ್ಟು ಹೊತ್ತು, ಒಂದೇ ಡಿಸ್ಕ್‌ನಷ್ಟು ಪ್ಯಾರಿಟಿ ಇರುವ ರೇಡ್ 5 ಗುಂಪು ಯಾವ ರಕ್ಷಣೆಯೂ ಇಲ್ಲದೆ ನಿಂತಿರುತ್ತದೆ. ದೊಡ್ಡ ತಿರುಗುವ ಡಿಸ್ಕ್‌ಗಳಿಗೆ ರೇಡ್ 6ಕ್ಕಿಂತ ಕಡಿಮೆ ಇಡಬಾರದೆನ್ನುವುದು ಇದಕ್ಕೇ.

ಇನ್ನು ಹಂಚಿಕೆ. ಹಿಂದೆಲ್ಲ 2 ಟೆಬಿಬೈಟ್ ಲನ್ ಕೊಟ್ಟರೆ ಪೂಲ್‌ನಲ್ಲಿ 2 ಟೆಬಿಬೈಟ್ ಕಡಿತವಾಗುತ್ತಿತ್ತು. ಇದು ಥಿಕ್ (ದಪ್ಪ) ಹಂಚಿಕೆ. ಕೇಳಿದವರು ಮುಂದಿನ ಐದು ವರ್ಷಕ್ಕೆಂದು ಹೆಚ್ಚಿಗೆ ಕೇಳಿ ಕಾಲು ಭಾಗವನ್ನೂ ಬಳಸದೆ ಇಟ್ಟುಕೊಳ್ಳುತ್ತಿದ್ದುದರಿಂದ ಥಿನ್ (ತೆಳು) ಪ್ರೊವಿಷನಿಂಗ್ ಬಂತು. ಇಲ್ಲಿ ಲನ್‌ನ ಅಳತೆ ಬರೀ ಭರವಸೆ. ಸರ್ವರ್ ನಿಜಕ್ಕೂ ಬರೆದಾಗ ಮಾತ್ರ ಪೂಲ್‌ನಿಂದ ಪುಟ ಎಂಬ ಒಂದು ಸಣ್ಣ ತುಂಡು ಕತ್ತರಿಸಿ ಕೊಡಲಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಪೂರ್ತಿ ವಿರುದ್ಧವಾದ ಏರ್ಪಾಡು: ಒಂದೇ ಹಾಸಿಗೆಯನ್ನು ಮೂವರಿಗೆ ಕೊಟ್ಟು, ಮೂವರೂ ಒಟ್ಟಿಗೆ ಮಲಗಲಾರರೆಂದು ನಂಬುವುದು. ನಂಬಿಕೆ ಬಹುಮಟ್ಟಿಗೆ ಸರಿಯೇ. 235 ಟೆಬಿಬೈಟ್ ಪೂಲ್‌ನಿಂದ 500 ಹಂಚಿದರೂ ವರ್ಷಗಟ್ಟಲೆ ಏನೂ ಆಗದಿರಬಹುದು. ಥಿನ್ ಬೇಡವೆಂದು ನಾವು ಹೇಳುತ್ತಿಲ್ಲ. ಅದಿಲ್ಲದೆ ಈಗ ಯಾರೂ ಅರೇ ನಡೆಸುವುದಿಲ್ಲ. ಆದರೆ ಹಂಚಿದ್ದರ ಒಟ್ಟು ಇರುವುದರ ಎಷ್ಟು ಪಟ್ಟಾಗಿದೆ ಎಂಬುದಕ್ಕೆ ಬರಹದಲ್ಲಿ ಒಂದು ಮಿತಿ ಇರಬೇಕು. ಬೆಳವಣಿಗೆ ಊಹಿಸಲಾಗದ ಡೇಟಾಬೇಸ್‌ಗಳಿರುವ ಪೂಲ್‌ಗೆ 1.5 ಪಟ್ಟು, ಬೆಳೆಯುವುದು ನಿಧಾನವಾದ ಫೈಲ್ ಸರ್ವರ್‌ಗಳಿಗೆ 2.5 ಪಟ್ಟು ಎಂದಿಟ್ಟುಕೊಂಡರೆ ತಪ್ಪಿಲ್ಲ. ಒಂದೇ ಪೂಲ್‌ನಲ್ಲಿ ಎರಡೂ ಇದ್ದರೆ ಚಿಕ್ಕ ಅಂಕಿಯೇ ಲೆಕ್ಕಕ್ಕೆ. ನಿಂತರೆ ಸಂಸ್ಥೆಯೇ ನಿಲ್ಲುವಂಥ ಎರಡು ಮೂರು ಲನ್‌ಗಳನ್ನು ಥಿಕ್ ಆಗಿಯೇ ಇಡುವುದು ಒಳ್ಳೆಯದು. ಜಾಗ ಪೋಲಾಯಿತೆಂದು ಯಾರಾದರೂ ಗೊಣಗಿದರೆ ಗೊಣಗಲಿ.

ಥಿನ್ ಲನ್ ಗೊತ್ತಿಲ್ಲದಂತೆ ದಪ್ಪಗಾಗುವ ದಾರಿಗಳು ಹಲವು. ವಿಂಡೋಸ್‌ನ ಪೂರ್ಣ ಫಾರ್ಮ್ಯಾಟ್, ವಿಸ್ಟಾ ಆವೃತ್ತಿಯಿಂದೀಚೆಗೆ, ಇಡೀ ವಾಲ್ಯೂಮ್‌ಗೆ ಸೊನ್ನೆ ಬರೆಯುತ್ತದೆ. ಅರೇಗೆ ಸೊನ್ನೆಗಳನ್ನು ಗುರುತಿಸಿ ಬಿಸಾಡುವ ಗುಣವಿಲ್ಲದಿದ್ದರೆ ಮೊದಲ ದಿನವೇ ಲನ್ ಪೂರ್ತಿ ತುಂಬಿದಂತೆ. ಕ್ವಿಕ್ ಫಾರ್ಮ್ಯಾಟ್ ಸಾಕು. ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಓಡಿಸಿದರೆ ಫೈಲ್‌ಗಳು ಹೊಸ ಜಾಗಕ್ಕೆ ಹೋಗುತ್ತವೆ, ಹೊಸ ಪುಟಗಳು ಕತ್ತರಿಸಲ್ಪಡುತ್ತವೆ, ಹಳೆಯವು ಹಾಗೇ ಉಳಿಯುತ್ತವೆ. ವರ್ಚುವಲ್ ಯಂತ್ರಕ್ಕೆ (ತಂತ್ರಾಂಶದಿಂದ ರೂಪಿಸಿದ ಸರ್ವರ್‌ಗೆ) ಮೊದಲೇ ಸೊನ್ನೆ ತುಂಬಿದ ‘ಈಗರ್ ಝೀರೋಡ್’ ಡಿಸ್ಕ್ ಕೊಟ್ಟಾಗಲೂ ಇದೇ ಕಥೆ. ಹಾಗೆಯೇ ವರ್ಚುವಲ್ ಯಂತ್ರದ ಡಿಸ್ಕೂ ಥಿನ್, ಅದು ಕೂತಿರುವ ಲನ್ನೂ ಥಿನ್ ಆದರೆ ಭರವಸೆಯ ಮೇಲೆ ಭರವಸೆ ಹೇರಿದಂತಾಗುತ್ತದೆ. ಎರಡೂ ಕಡೆ ಎಚ್ಚರಿಕೆಯ ಗೆರೆ ಇಡುವ ಶಿಸ್ತಿಲ್ಲದವರು ಒಂದು ಕಡೆ ಮಾತ್ರ ಥಿನ್ ಇಟ್ಟುಕೊಳ್ಳಲಿ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಅಳಿಸುವುದರ ಸುತ್ತ ಇದೆ. ಸರ್ವರ್‌ನಲ್ಲಿ 3 ಟೆಬಿಬೈಟ್ ಹಳೆಯ ಕಡತ ಅಳಿಸಿದರು. ಸರ್ವರ್ ಖಾಲಿ ಜಾಗ ತೋರಿಸಿತು. ಅರೇಯ ಪೂಲ್ ಒಂದಿಷ್ಟೂ ಇಳಿಯಲಿಲ್ಲ. ಏಕೆಂದರೆ ಫೈಲ್ ಅಳಿಸುವುದೆಂದರೆ ಫೈಲ್ ಸಿಸ್ಟಮ್ ತನ್ನ ಪಟ್ಟಿಯಲ್ಲಿ ‘ಈ ಬ್ಲಾಕ್‌ಗಳು ಈಗ ಬಿಡುವು’ ಎಂದು ಬರೆದುಕೊಳ್ಳುವುದು ಮಾತ್ರ. ಅರೇಗೆ ಆ ಪಟ್ಟಿ ಓದಲು ಬಾರದು. ಅದಕ್ಕೆ ಗೊತ್ತಿರುವುದು ಬ್ಲಾಕ್ ಸಂಖ್ಯೆಗಳಷ್ಟೇ. ‘ಈ ಬ್ಲಾಕ್‌ಗಳು ನನಗೆ ಬೇಡ’ ಎಂದು ಸರ್ವರ್ ಅರೇಗೆ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಲು, ಸರ್ವರ್ ಮತ್ತು ಅರೇ ಮಾತಾಡುವ ಸ್ಕಸಿ ಭಾಷೆಯಲ್ಲಿ ಇರುವ ಆಜ್ಞೆಯೇ ಅನ್‌ಮ್ಯಾಪ್.

ಈ ಮಾತು ಮೇಲಿಂದ ಕೆಳಗೆ ಬರುವಾಗ ನಡುವಿನ ಪ್ರತಿ ಪದರವೂ ಅದನ್ನು ಮುಂದಕ್ಕೆ ದಾಟಿಸಬೇಕು. ಒಂದು ಪದರ ನುಂಗಿಕೊಂಡರೂ ಸಾಕು, ಅರೇಗೆ ಸುದ್ದಿಯೇ ಮುಟ್ಟುವುದಿಲ್ಲ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆಗೆ ದೊಡ್ಡಕ್ಷರದ ‘ಡಿ’ ಆಯ್ಕೆ ಕೊಟ್ಟು ನೋಡಿ: ಡಿಸ್ಕಾರ್ಡ್ (‘ಬ್ಲಾಕ್ ಬೇಡ’ ಎಂಬ ಮಾತಿಗೆ ಲಿನಕ್ಸ್‌ನಲ್ಲಿರುವ ಹೆಸರು) ಕಾಲಮ್‌ಗಳಲ್ಲಿ ಸೊನ್ನೆ ಇರುವ ಪದರವೇ ಅಡ್ಡಗಾಲು. ಡಿಸ್ಕ್ ಎನ್‌ಕ್ರಿಪ್ಷನ್ ಪದರ ಇದ್ದರೆ ಮೊದಲು ಅದನ್ನೇ ಅನುಮಾನಿಸಿ. ಲಿನಕ್ಸ್‌ನ ಎನ್‌ಕ್ರಿಪ್ಷನ್ ಪದರವಾದ ಡಿಎಮ್-ಕ್ರಿಪ್ಟ್ ತಾನಾಗಿ ಡಿಸ್ಕಾರ್ಡ್ ದಾಟಿಸುವುದಿಲ್ಲ, ಯಾವ ಬ್ಲಾಕ್ ಖಾಲಿ ಎಂಬುದು ಹೊರಗೆ ತಿಳಿಯಬಾರದೆಂಬ ಕಾರಣಕ್ಕೆ. ಬೇಕೆಂದರೆ ಆ ಅಪಾಯವನ್ನು ಒಪ್ಪಿಕೊಂಡೇ ಅನುಮತಿ ಕೊಡಬೇಕು. ದಾರಿ ತೆರೆದಿದೆ ಎಂದಾದ ಮೇಲೆ ಖಾಲಿ ಬ್ಲಾಕ್‌ಗಳನ್ನೆಲ್ಲ ಒಮ್ಮೆಗೆ ತಿಳಿಸುವ ‘ಎಫ್‌ಎಸ್‌ಟ್ರಿಮ್’ ಅನ್ನು ವಾರಕ್ಕೊಮ್ಮೆ ಓಡಿಸಿದರೆ ಸಾಕು. ಸಿಸ್ಟಮ್‌ಡಿ ಇರುವ ಲಿನಕ್ಸ್ ವಿತರಣೆಗಳಲ್ಲಿ ಇದಕ್ಕೆ ಸಿದ್ಧ ಟೈಮರ್ ಇದೆ. ಮೌಂಟ್ ಮಾಡುವಾಗಲೇ (ಫೈಲ್ ಸಿಸ್ಟಮ್ ಅನ್ನು ಬಳಕೆಗೆ ಜೋಡಿಸುವಾಗಲೇ) ‘ಡಿಸ್ಕಾರ್ಡ್’ ಆಯ್ಕೆ ಕೊಟ್ಟು ಪ್ರತಿ ಅಳಿಸುವಿಕೆಗೂ ಆಜ್ಞೆ ಕಳಿಸುವುದು ಬಿಡುವಿಲ್ಲದ ಸರ್ವರ್‌ಗಳಿಗೆ ಭಾರ. ನೂರು ಸರ್ವರ್‌ಗಳು ಒಂದೇ ನಡುರಾತ್ರಿ ಟ್ರಿಮ್ ಶುರು ಮಾಡಿದರೂ ಅರೇ ತತ್ತರಿಸುತ್ತದೆ, ವೇಳೆಯನ್ನು ಹಂಚಿಡಿ. ವಿಂಡೋಸ್ ಸರ್ವರ್ 2012ರಿಂದೀಚೆಗೆ ಅನ್‌ಮ್ಯಾಪ್ ತಾನಾಗಿ ಹೋಗುತ್ತದೆ. ಅದರ ‘ಎಫ್‌ಎಸ್‌ಯುಟಿಲ್’ ಆಜ್ಞೆಯಲ್ಲಿ ‘ಡಿಸೇಬಲ್‌ಡಿಲೀಟ್‌ನೋಟಿಫೈ’ ಬೆಲೆ 0 ಇರಬೇಕು. ಈ ಸೊನ್ನೆ ಕಂಡು ‘ಆಫ್ ಆಗಿದೆ’ ಎಂದು 1 ಮಾಡಿ ಕೆಡಿಸುವವರಿದ್ದಾರೆ. ಹೆಸರೇ ‘ನಿಲ್ಲಿಸು’ ಎಂದಿರುವುದರಿಂದ ಸೊನ್ನೆ ಎಂದರೆ ನಿಲ್ಲಿಸಿಲ್ಲ ಎಂದರ್ಥ. ವರ್ಚುವಲ್ ಯಂತ್ರಗಳಿಗಾಗಿ ವಿಎಂವೇರ್ ಮಾಡಿದ ಫೈಲ್ ಸಿಸ್ಟಮ್ ವಿಎಂಎಫ್‌ಎಸ್ 5ರಲ್ಲಿ ಆಜ್ಞೆಯನ್ನು ಕೈಯಾರೆ ಓಡಿಸಬೇಕು, ವಿಸ್ಫಿಯರ್ 6.5ರೊಂದಿಗೆ ಬಂದ ವಿಎಂಎಫ್‌ಎಸ್ 6ರಲ್ಲಿ ಅದು ಹಿನ್ನೆಲೆಯಲ್ಲಿ ತಾನಾಗಿ ನಡೆಯುತ್ತದೆ. 5ರಿಂದ 6ಕ್ಕೆ ಇದ್ದಲ್ಲೇ ಏರಿಸಲಾಗದು. ಹೊಸ ಡೇಟಾಸ್ಟೋರ್ (ಯಂತ್ರಗಳ ಡಿಸ್ಕ್ ಇಡುವ ಜಾಗ) ಮಾಡಿ ಯಂತ್ರಗಳನ್ನು ಸಾಗಿಸಬೇಕು. ಆ ಸಾಗಾಟದ ದಿನಗಳಲ್ಲಿ ಎರಡರ ಜಾಗವೂ ಬೇಕೆಂಬುದನ್ನು ಲೆಕ್ಕ ಹಾಕುವಾಗ ಮರೆಯುವುದೇ ಹೆಚ್ಚು.

ಇಷ್ಟೆಲ್ಲ ಸರಿಯಿದ್ದೂ ಜಾಗ ಮರಳದಿರಲು ಇನ್ನೊಂದು ಕಾರಣ ಪುಟದ ಅಳತೆ. ಹಿಟಾಚಿಯ ಡೈನಮಿಕ್ ಪ್ರೊವಿಷನಿಂಗ್‌ನಲ್ಲಿ ಒಂದು ಪುಟ 42 ಎಂಬಿ. ಆ 42ರಲ್ಲಿ ಒಂದೇ ಒಂದು ಸಣ್ಣ ಬ್ಲಾಕ್ ಬಳಕೆಯಲ್ಲಿದ್ದರೂ ಪುಟ ಪೂಲ್‌ಗೆ ಮರಳದು. ಸಣ್ಣ ಕಡತಗಳು ಅಲ್ಲೊಂದು ಇಲ್ಲೊಂದು ಉಳಿದ ಫೈಲ್ ಸಿಸ್ಟಮ್‌ನಲ್ಲಿ ಅರ್ಧದಷ್ಟು ಅಳಿಸಿದರೂ ಮರಳುವುದು ಅತ್ಯಲ್ಪ. ಅಂಥ ಕಡೆ ಹೊಸ ಥಿನ್ ಲನ್‌ಗೆ ಫೈಲ್ ಮಟ್ಟದಲ್ಲಿ ನಕಲಿಸಿ ಹಳೆಯದನ್ನು ತೆಗೆದುಹಾಕುವುದೇ ದಾರಿ. ಅಳಿಸಿದ ಫೈಲನ್ನು ಯಾವುದೋ ಪ್ರಕ್ರಿಯೆ ಇನ್ನೂ ತೆರೆದಿಟ್ಟುಕೊಂಡಿದ್ದರೆ ಸರ್ವರ್‌ನಲ್ಲೂ ಜಾಗ ಬಿಡುಗಡೆಯಾಗುವುದಿಲ್ಲ. ಲಿನಕ್ಸ್‌ನಲ್ಲಿ ಒಟ್ಟು ಬಳಕೆ ತೋರಿಸುವ ‘ಡಿಎಫ್’ ತುಂಬಿದೆ ಎನ್ನುತ್ತದೆ, ಕಡತಗಳ ಗಾತ್ರ ಹೇಳುವ ‘ಡಿಯು’ ಕೂಡಿಸಿದರೆ ಅಷ್ಟು ಬರುವುದಿಲ್ಲ; ತೆರೆದ ಕಡತಗಳ ಪಟ್ಟಿ ಕೊಡುವ ‘ಎಲ್‌ಎಸ್‌ಒಎಫ್’ ಆ ಕಳ್ಳನನ್ನು ಹಿಡಿದುಕೊಡುತ್ತದೆ. ಲಾಗ್ ಫೈಲ್ ಅಳಿಸಿ ಸೇವೆಯನ್ನು ಮರುಚಾಲನೆ ಮಾಡದೇ ಬಿಟ್ಟಾಗ ಆಗುವುದು ಇದೇ.

ಸ್ನ್ಯಾಪ್‌ಶಾಟ್‌ಗಳ, ಅಂದರೆ ಒಂದು ಕ್ಷಣದಲ್ಲಿ ಲನ್ ಇದ್ದ ಸ್ಥಿತಿಯ ಪ್ರತಿಗಳ, ವಿಷಯದಲ್ಲಿ ಎಷ್ಟು ಎಚ್ಚರ ಹೇಳಿದರೂ ಸಾಲದು. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಲ್ಲಿ ಅದು ಜಾಗವನ್ನೇ ತಿನ್ನುವುದಿಲ್ಲ, ಆದ್ದರಿಂದ ಪುಕ್ಕಟೆ ಎಂಬ ಭಾವನೆ ಬೆಳೆಯುತ್ತದೆ. ಮುಂದೆ ಮೂಲದಲ್ಲಿ ಬದಲಾದ ಪ್ರತಿ ಬ್ಲಾಕ್‌ನ ಹಳೆಯ ರೂಪವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. 10 ಟೆಬಿಬೈಟ್ ತುಂಬಿದ ಲನ್‌ನಲ್ಲಿ ದಿನಕ್ಕೆ ಶೇ 3 ಬದಲಾಗುತ್ತದೆ, 14 ದಿನದ ಸ್ನ್ಯಾಪ್‌ಶಾಟ್ ಇಡುತ್ತೀರಿ ಎಂದರೆ 4.2 ಟೆಬಿಬೈಟ್‌ವರೆಗೂ ಬೇಕಾಗಬಹುದು. ಶೇ 5ರ ಡೀಫಾಲ್ಟ್ ಮೀಸಲು ಇಟ್ಟು ಕೈತೊಳೆದುಕೊಂಡ ಕಡೆ ಉಳಿದದ್ದು ಎಲ್ಲಿಂದ ಬರುತ್ತದೆ? ಪೂಲ್‌ನಿಂದ, ಯಾರಿಗೂ ಹೇಳದೆ. ಶೇ 3 ಎಂಬುದು ಸಾಧಾರಣ ದಿನದ ಮಾತು. ಡೇಟಾಬೇಸ್‌ನ ಇಂಡೆಕ್ಸ್‌ಗಳನ್ನೆಲ್ಲ ಮರುಕಟ್ಟಿದ ರಾತ್ರಿ, ಡಿಫ್ರ್ಯಾಗ್ ಓಡಿದ ರಾತ್ರಿ ಲನ್‌ನ ಅರ್ಧಕ್ಕಿಂತ ಹೆಚ್ಚು ಬದಲಾದರೂ ಆಶ್ಚರ್ಯವಿಲ್ಲ. ರ‍್ಯಾನ್ಸಮ್‌ವೇರ್ (ಒತ್ತೆಹಣ ಕೇಳುವ ದುಷ್ಟ ತಂತ್ರಾಂಶ) ಕಡತಗಳಿಗೆ ಬೀಗ ಹಾಕುತ್ತ ಹೋದಾಗಲೂ ಬೇಗ ಕಾಣುವ ಲಕ್ಷಣಗಳಲ್ಲಿ ಒಂದು ಇದೇ: ಸ್ನ್ಯಾಪ್‌ಶಾಟ್ ಗಾತ್ರ ಒಮ್ಮೆಲೇ ಉಬ್ಬುತ್ತದೆ. ಜಾಗ ಮುಗಿಯಿತೆಂದು ಗಾಬರಿಯಲ್ಲಿ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸುವ ಮೊದಲು ಈ ಅನುಮಾನವನ್ನು ಪರಿಹರಿಸಿಕೊಳ್ಳಬೇಕು, ಇಲ್ಲವಾದರೆ ಉಳಿದಿದ್ದ ಒಳ್ಳೆಯ ಪ್ರತಿಯನ್ನೇ ಕೈಯಾರೆ ಕಳೆದುಕೊಂಡಂತೆ. ಮೀಸಲು ಲೆಕ್ಕ ಹಾಕುವಾಗ ದಿನದ ಸರಾಸರಿ ಬೇಡ; ತಿಂಗಳಲ್ಲಿ ಅತಿ ಹೆಚ್ಚು ಬದಲಾದ ಎರಡು ದಿನಗಳ ಅಂಕಿಯನ್ನೂ ಸೇರಿಸಿ.

ಡಿಡ್ಯೂಪ್ (ಒಂದೇ ತೆರನ ಬ್ಲಾಕ್‌ಗಳನ್ನು ಒಮ್ಮೆ ಮಾತ್ರ ಇಡುವುದು), ಕಂಪ್ರೆಷನ್ (ಮಾಹಿತಿಯನ್ನು ಕುಗ್ಗಿಸಿಡುವುದು) ಬಗ್ಗೆ ಚಿಕ್ಕದಾಗಿ. ಮಾರುವವರು ಹೇಳುವ ‘ನಾಲ್ಕಕ್ಕೆ ಒಂದು’ ಎಂಬ ಅನುಪಾತ ಅರೇಯ ಗುಣವಲ್ಲ, ನಿಮ್ಮ ಮಾಹಿತಿಯ ಗುಣ. ಒಂದೇ ಅಚ್ಚಿನ ವರ್ಚುವಲ್ ಡೆಸ್ಕ್‌ಟಾಪ್‌ಗಳು ಚೆನ್ನಾಗಿ ಕುಗ್ಗುತ್ತವೆ. ಚಿತ್ರ, ವಿಡಿಯೊ, ಆಗಲೇ ಝಿಪ್ ಆದ ಬ್ಯಾಕಪ್, ಎನ್‌ಕ್ರಿಪ್ಟ್ ಆದ ಡೇಟಾಬೇಸ್ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಭದ್ರತೆಯ ವಿಭಾಗ ಒಂದು ದಿನ ಡೇಟಾಬೇಸ್ ಎನ್‌ಕ್ರಿಪ್ಷನ್ ಆನ್ ಮಾಡಿದರೆ 20 ಟೆಬಿಬೈಟ್‌ನಲ್ಲಿ ಕುಗ್ಗಿ ಕೂತಿದ್ದ 60 ಟೆಬಿಬೈಟ್ ಮಾಹಿತಿ ವಾರದೊಳಗೆ ತನ್ನ ಪೂರ್ಣ ಗಾತ್ರಕ್ಕೆ ಬರುತ್ತದೆ. ಅಂಥ ಬದಲಾವಣೆಯ ಅರ್ಜಿಯಲ್ಲಿ ಸ್ಟೋರೇಜ್‌ನವರ ಒಪ್ಪಿಗೆಯ ಕಾಲಂ ಇರಲೇಬೇಕು. ಡಿಡ್ಯೂಪ್ ಇರುವ ಪೂಲ್‌ನಿಂದ 5 ಟೆಬಿಬೈಟ್ ಲನ್ ಅಳಿಸಿದರೆ 5 ಮರಳುತ್ತದೆಂದು ನಂಬಬೇಡಿ. ಬೇರೆ ಲನ್‌ಗಳೂ ಬಳಸುತ್ತಿರುವ ಬ್ಲಾಕ್‌ಗಳು ಉಳಿದುಕೊಳ್ಳುತ್ತವೆ.

ಎಚ್ಚರಿಕೆಯ ಗೆರೆ ಎಲ್ಲಿರಬೇಕು? ಬಹಳ ಕಡೆ ಶೇ 80ಕ್ಕೆ ಒಂದು ಮೇಲ್, ಶೇ 90ಕ್ಕೆ ಇನ್ನೊಂದು. ಈ ಅಂಕಿಗಳಿಗೆ ತಮ್ಮಷ್ಟಕ್ಕೆ ಅರ್ಥವಿಲ್ಲ. ಮೊದಲು ಬೆಳವಣಿಗೆಯ ವೇಗ ತಿಳಿಯಬೇಕು: 90 ದಿನಗಳ ಬಳಕೆಯ ಅಂಕಿ ತೆಗೆದು ದಿನಕ್ಕೆಷ್ಟು ಏರಿತೆಂದು ನೋಡಿ. 235 ಟೆಬಿಬೈಟ್ ಪೂಲ್ ದಿನಕ್ಕೆ 0.6 ಟೆಬಿಬೈಟ್ ತುಂಬುತ್ತಿದೆ ಎನ್ನೋಣ. ಹೊಸ ಡಿಸ್ಕ್‌ಗೆ ಅನುಮೋದನೆ, ಬೇಡಿಕೆ, ಸಾಗಣೆಗೆ 60 ದಿನ. ಕೂರಿಸಿ ಪೂಲ್‌ಗೆ ಸೇರಿಸಲು 15. ಈ 75 ದಿನಗಳಲ್ಲಿ ತುಂಬುವುದು 45 ಟೆಬಿಬೈಟ್. ದಾಟಬಾರದ ಗೆರೆ ಶೇ 85, ಅಂದರೆ 200. ಹಾಗಾದರೆ ಬೇಡಿಕೆ ಪತ್ರ ಹೊರಡಬೇಕಾದದ್ದು 155ಕ್ಕೆ, ಶೇ 66ರಲ್ಲಿ. ಶೇ 80ರ ಮೇಲ್ ಬಂದಾಗ ಪತ್ರ ಕಳಿಸಿದರೆ ಡಿಸ್ಕ್ ಬಂದು ಕೂರುವಷ್ಟರಲ್ಲಿ ಪೂಲ್ ಕಂಠಮಟ್ಟ ತುಂಬಿರುತ್ತದೆ, ಕೈಯಲ್ಲಿ ಉಳಿಯುವುದು ಸುಮಾರು ಮೂರು ದಿನ. ಶೇಕಡಾವಾರು ಬದಲು ‘ಇನ್ನೆಷ್ಟು ದಿನ’ ಎಂದು ಬರೆದರೆ ಹಣಕಾಸಿನವರಿಗೂ ಅರ್ಥವಾಗುತ್ತದೆ. ಇನ್ನೊಂದು ಎಚ್ಚರಿಕೆ ವೇಗಕ್ಕೇ ಇರಬೇಕು: 24 ಗಂಟೆಯಲ್ಲಿ ಎಂದಿನ ಮೂರು ಪಟ್ಟು ಬರೆದರೆ ಯಾರಾದರೂ ಎದ್ದು ನೋಡಲಿ. ಆ ಮೇಲ್ ಯಾರಿಗೆ ಹೋಗುತ್ತಿದೆ ಎಂಬುದನ್ನೂ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ. ಕೆಲಸ ಬಿಟ್ಟುಹೋದವರ ವಿಳಾಸಕ್ಕೆ ಅರೇಗಳು ನಿಷ್ಠೆಯಿಂದ ವರ್ಷಗಟ್ಟಲೆ ಪತ್ರ ಬರೆಯುತ್ತಿರುತ್ತವೆ.

ಎಲ್ಲ ಮೀರಿ ಪೂಲ್ ತುಂಬಿಯೇಬಿಟ್ಟರೆ? ಸರ್ವರ್ ತನ್ನ ಲನ್‌ನಲ್ಲಿ ಅರ್ಧ ಖಾಲಿ ಇದೆ ಎಂದುಕೊಂಡೇ ಬರೆಯಲು ಹೋಗುತ್ತದೆ. ಅರೇ ‘ಜಾಗ ಕೊಡಲಾಗದು, ಬರೆಯುವಂತಿಲ್ಲ’ ಎಂಬ ಸ್ಕಸಿ ದೋಷ ಹಿಂದಿರುಗಿಸುತ್ತದೆ. ದೋಷದ ಬಗೆ ಹೇಳುವ ಸೆನ್ಸ್ ಸಂಕೇತದಲ್ಲಿ ಇದು 07, 27, 07. ಸರ್ವರ್ ಲಾಗ್‌ನಲ್ಲಿ ಇದು ಕಂಡರೆ ಕೇಬಲ್, ಸ್ವಿಚ್ ತಡಕಾಡುತ್ತ ಹೊತ್ತು ಕಳೆಯಬೇಡಿ. ಲಿನಕ್ಸ್ ಫೈಲ್ ಸಿಸ್ಟಮ್‌ಗಳು ಓದಲು ಮಾತ್ರ ಎಂಬ ಸ್ಥಿತಿಗೆ ಹೊರಳಬಹುದು, ಅಥವಾ ಪೂರ್ತಿ ಮುಚ್ಚಿಕೊಳ್ಳಬಹುದು, ವರ್ಚುವಲ್ ಯಂತ್ರಗಳು ಅಲ್ಲಲ್ಲೇ ತಡೆದು ನಿಲ್ಲುತ್ತವೆ, ಡೇಟಾಬೇಸ್‌ಗಳು ಬೀಳುತ್ತವೆ. ಒಂದೇ ಪೂಲ್‌ನಲ್ಲಿ ಇರುವವರೆಲ್ಲರೂ ಒಟ್ಟಿಗೆ ಬೀಳುತ್ತಾರೆ, ತುಂಬಿಸಿದವರು ಒಬ್ಬರೇ ಆದರೂ.

ಆಗ ಮೊದಲ ಕೆಲಸ ಅತಿ ಹೆಚ್ಚು ಬರೆಯುತ್ತಿರುವ ಸರ್ವರ್ ಯಾವುದೆಂದು ಅರೇಯ ಅಂಕಿಗಳಲ್ಲಿ ಹುಡುಕಿ ಅದನ್ನು ನಿಲ್ಲಿಸುವುದು. ಬಹುತೇಕ ಅದು ಬ್ಯಾಕಪ್ಪೋ, ಯಾರೋ ತೆಗೆದ ನಕಲೋ ಆಗಿರುತ್ತದೆ. ಎರಡನೆಯದು ತುರ್ತಿಗೆಂದೇ ಮೊದಲು ಕಟ್ಟಿಟ್ಟ ಗಂಟನ್ನು ಬಿಚ್ಚುವುದು: ಪೂಲ್‌ನ ಶೇ 2 ಅಥವಾ 3ರಷ್ಟು ಗಾತ್ರದ ಒಂದು ಥಿಕ್ ಲನ್ ಮಾಡಿ, ಯಾವ ಸರ್ವರ್‌ಗೂ ಕೊಡದೆ ಇಟ್ಟಿದ್ದರೆ ಅದನ್ನು ಅಳಿಸಿದ ಕೂಡಲೇ ಉಸಿರಾಡಲು ಜಾಗ ಸಿಗುತ್ತದೆ. ಇದು ಥಿಕ್ ಆಗಿಯೇ ಇರಬೇಕು. ಏನೂ ಬರೆಯದ ಥಿನ್ ಲನ್ ಅಳಿಸಿದರೆ ಸೊನ್ನೆಯೇ ಮರಳುವುದು. ಆಮೇಲೆ ಹಳೆಯ ಸ್ನ್ಯಾಪ್‌ಶಾಟ್‌ಗಳು, ಆದರೆ ಅವುಗಳ ಜಾಗ ಹಿನ್ನೆಲೆಯ ಗುಡಿಸುವ ಕೆಲಸ ಮುಗಿದ ಮೇಲೆ ನಿಧಾನಕ್ಕೆ ಬರುತ್ತದೆ, ಗಂಟೆಗಳೂ ಹಿಡಿಯಬಹುದು. ಮಾಡಬಾರದ್ದೂ ಒಂದಿದೆ. ಖಾಲಿ ಜಾಗವನ್ನು ಸೊನ್ನೆಯಿಂದ ತುಂಬಿ ಅಳಿಸಿ ಪುಟ ಮರಳಿಸುವ ಹಳೆಯ ಉಪಾಯವನ್ನು ಪೂಲ್ ಶೇ 97 ತಲುಪಿದಾಗ ಯಾರಾದರೂ ಪ್ರಯೋಗಿಸುತ್ತಾರೆ. ಸೊನ್ನೆಯನ್ನು ಬರೆಯುವ ಮೊದಲೇ ಗುರುತಿಸಿ ಬಿಸಾಡುವ ಅರೇ ಅಲ್ಲದಿದ್ದರೆ ಆ ಸೊನ್ನೆಗಳಿಗೇ ಪುಟ ಬೇಕಾಗಿ ಉಳಿದ ಶೇ 3 ಕೂಡ ಹೋಗುತ್ತದೆ. ಜಾಗ ಸಿಕ್ಕಿದ ಮೇಲೂ ಸರ್ವರ್‌ಗಳನ್ನು ಒಮ್ಮೆಗೇ ಎಬ್ಬಿಸಬೇಡಿ. ಫೈಲ್ ಸಿಸ್ಟಮ್ ಪರೀಕ್ಷೆ ಮುಗಿಸಿ, ಡೇಟಾಬೇಸ್‌ಗಳನ್ನು ಒಂದೊಂದಾಗಿ ತೆರೆಯಿರಿ.

ಜಾಗ ಹೆಚ್ಚಿಸುವಾಗ ಕೆಲಸ ಕೆಳಗಿನಿಂದ ಮೇಲಕ್ಕೆ: ಪೂಲ್, ಲನ್, ಸರ್ವರ್‌ನ ಪಾತ್‌ಗಳು (ಸರ್ವರ್‌ನಿಂದ ಲನ್‌ಗೆ ಹೋಗುವ ದಾರಿಗಳು), ಅವನ್ನು ಒಂದೇ ಡಿಸ್ಕ್ ಆಗಿ ತೋರಿಸುವ ಮಲ್ಟಿಪಾತ್, ಪಿವಿ, ಎಲ್‌ವಿ (ಲಿನಕ್ಸ್‌ನ ಫಿಸಿಕಲ್ ಮತ್ತು ಲಾಜಿಕಲ್ ವಾಲ್ಯೂಮ್), ಕೊನೆಗೆ ಫೈಲ್ ಸಿಸ್ಟಮ್. ಪೂಲ್‌ಗೆ ಒಂದೆರಡು ಡಿಸ್ಕ್ ತುರುಕಬೇಡಿ, ಇಡೀ ರೇಡ್ ಗುಂಪೇ ಸೇರಲಿ. ಲಿನಕ್ಸ್‌ನಲ್ಲಿ ನಾಲ್ಕು ಪಾತ್ ಇದ್ದರೆ ನಾಲ್ಕನ್ನೂ ಮರುಸ್ಕ್ಯಾನ್ ಮಾಡಬೇಕು. ಒಂದು ಬಿಟ್ಟರೆ ಅದು ಹಳೆಯ ಅಳತೆಯನ್ನೇ ತೋರಿಸಿ ಮಲ್ಟಿಪಾತ್ ಹಿಗ್ಗಲು ಒಪ್ಪುವುದಿಲ್ಲ. ಲನ್ ಬೇರೆ ಅರೇಗೆ ನಕಲಾಗುತ್ತಿದ್ದರೆ ಅರೇಯ ಕೈಪಿಡಿ ಹೇಳುವ ಕ್ರಮ ನೋಡಿಕೊಳ್ಳಿ. ಅನೇಕ ಅರೇಗಳಲ್ಲಿ ಮೊದಲು ದೂರದ ಪ್ರತಿಯನ್ನು ಹಿಗ್ಗಿಸಬೇಕು. ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕ್ ಪಾರ್ಟಿಷನ್ 2 ಟೆಬಿಬೈಟ್ ದಾಟದು. 4 ಕೆಬಿ ಕ್ಲಸ್ಟರ್‌ನ (ಜಾಗ ಹಂಚುವ ಅತಿ ಸಣ್ಣ ಘಟಕದ) ವಿಂಡೋಸ್‌ನ ಎನ್‌ಟಿಎಫ್‌ಎಸ್ ವಾಲ್ಯೂಮ್ 16 ಟೆಬಿಬೈಟ್‌ಗೆ ನಿಲ್ಲುತ್ತದೆ, ಬೆಳೆಯುವ ಲಕ್ಷಣವಿದ್ದರೆ ಮೊದಲ ದಿನವೇ 64 ಕೆಬಿ ಕೊಡಿ. ಹಿಗ್ಗಿಸಿದ್ದನ್ನು ಕುಗ್ಗಿಸುವುದು ಬೇರೆಯೇ ಮಾತು: ವಿಎಂಎಫ್‌ಎಸ್ ಕುಗ್ಗದು, ಲಿನಕ್ಸ್ ಫೈಲ್ ಸಿಸ್ಟಮ್‌ಗಳಲ್ಲಿ ಎಕ್ಸ್‌ಎಫ್‌ಎಸ್ ಅನ್ನು ಬೆಳೆಯಲು ಮಾತ್ರ ಬಲ್ಲದ್ದೆಂದೇ ಭಾವಿಸಿ ಯೋಜನೆ ಮಾಡಬೇಕು, ಎಕ್ಸ್ಟ್ 4 ಅನ್ನು ಅನ್‌ಮೌಂಟ್ ಮಾಡಿಯೇ ಕುಗ್ಗಿಸಬೇಕು. ಕೇಳಿದ್ದಕ್ಕಿಂತ ಕಡಿಮೆ ಕೊಟ್ಟು ಬೇಕೆಂದಾಗ ಹಿಗ್ಗಿಸುವುದು ಜಿಪುಣತನವೆಂದು ಯಾರಾದರೂ ಆಡಿಕೊಂಡರೆ ಅವರಿಗೆ ಹೇಳಬೇಕಾದ ಉತ್ತರ ಇಷ್ಟೇ.

ಕೊನೆಯದಾಗಿ, ಬೇಡವಾದ ಲನ್ ಹಿಂಪಡೆಯುವುದು. ಸರ್ವರ್ ಮುಚ್ಚಿ ವರ್ಷಗಳಾದರೂ ಅದರ ಲನ್‌ಗಳು ಪೂಲ್‌ನಲ್ಲಿ ಕೂತಿರುತ್ತವೆ. ಅಳಿಸಲು ಯಾರಿಗೂ ಧೈರ್ಯವಿಲ್ಲ. ಕ್ರಮ ತಿಳಿದಿದ್ದರೆ ಹೆದರಬೇಕಿಲ್ಲ. ಮೊದಲು ಸರ್ವರ್‌ನಲ್ಲಿ ಅನ್‌ಮೌಂಟ್ ಮಾಡಿ, ಮೌಂಟ್ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನ ಸಾಲು ತೆಗೆದು, ಮಲ್ಟಿಪಾತ್ ನಕ್ಷೆ ಅಳಿಸಿ, ಪಾತ್‌ಗಳನ್ನು ಕೈಬಿಡಿ. ಆಮೇಲೆ ಅರೇಯಲ್ಲಿ ಆ ಲನ್ ಸರ್ವರ್‌ಗೆ ಕಾಣದಂತೆ ಮಾಡಿ. ಉಲ್ಟಾ ಮಾಡಿದರೆ ಸರ್ವರ್ ಸತ್ತ ಪಾತ್‌ಗಳಿಗೆ ಕಾಯುತ್ತ ನೇತುಬೀಳುತ್ತದೆ, ವಿಎಂವೇರ್‌ನ ಇಎಸ್‌ಎಕ್ಸ್‌ಐ ವಿಶೇಷವಾಗಿ. ಗುರುತಿಸುವಾಗ ಹೆಸರು, ಗಾತ್ರ ನಂಬಬೇಡಿ; ಒಂದೇ ಗಾತ್ರದ ಹತ್ತು ಲನ್ ಇರುತ್ತವೆ. ಪ್ರತಿ ಲನ್‌ಗೂ ಬೇರೆಯಾಗಿರುವ ಎನ್‌ಎಎ ಸಂಖ್ಯೆಯನ್ನು ಎರಡೂ ಕಡೆ ಒಂದೊಂದು ಅಂಕೆಯಾಗಿ ಹೋಲಿಸಿ. ಹೀಗೆ ಕಾಣದಂತೆ ಮಾಡಿದ್ದನ್ನು ಕೂಡಲೇ ಅಳಿಸದೆ 35 ದಿನ ಬಿಡಿ: ತಿಂಗಳ ಕೊನೆಯಲ್ಲಿ ಮಾತ್ರ ಓಡುವ ಯಾವುದಾದರೂ ಕೆಲಸಕ್ಕೆ ಅದು ಬೇಕಿದ್ದರೆ ಅಷ್ಟರಲ್ಲಿ ಕೂಗು ಬಂದೇ ಬರುತ್ತದೆ. ಆ 35 ದಿನವೂ ಲನ್ ಪೂಲ್‌ನಲ್ಲಿ ತನ್ನ ಪುಟಗಳನ್ನು ಹಿಡಿದುಕೊಂಡೇ ಇರುತ್ತದೆ, ಆದ್ದರಿಂದ ಅದರ ಗಾತ್ರವನ್ನು ‘ಉಳಿದದ್ದು’ ಎಂಬ ಕಾಲಂಗೆ ಈಗಲೇ ಸೇರಿಸಬೇಡಿ.

ಇಂತಿ,
ಸ್ಟೋರೇಜ್ ನಿರ್ವಹಣೆಯ ಕೆಲಸದಲ್ಲಿರುವ ಓದುಗರು